ಕೊಕ್ಕರೆ ರೋಗ ತಂದವರು ಯಾರು?

ಆ ದಿನ ದ್ಯಾಮವ್ವನ ಮನೆಯಲ್ಲಿ ಕೋಳಿ ಕೂಗದೆಯೇ ಬೆಳಗಾಯಿತು.

ದಾಸನಕೊಪ್ಪದಿಂದ ಬನವಾಸಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆ ಏರಿಯ ಕೆಳಗಿರುವ ಊರು ಅದು. ದ್ಯಾಮವ್ವ ಎದ್ದವಳೇ ಗೂಡಿನ ಬಾಗಿಲು ತೆಗೆದಳು. ಹುಂಜ ಕಾಲು ಚಾಚಿ ಬಿದ್ದಿತ್ತು. ಮೊಟ್ಟೆ ಇಡುವ ಕೋಳಿಗಳಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ಬದುಕಿದ್ದವುಗಳಲ್ಲಿ ಒಂದು ಕತ್ತನ್ನು ತಿರುಚಿಕೊಂಡು ಆಕಾಶ ನೋಡುತ್ತಿತ್ತು. ಇನ್ನೊಂದು ಬಾಯಿ ತೆರೆದು ಉಸಿರು ಎಳೆಯುತ್ತಿತ್ತು. ಗೂಡಿನ ತುಂಬ ಹಸಿರು ಹಿಕ್ಕೆ.

ಅವಳು ಅಲ್ಲೇ ಕುಸಿದು ಕುಳಿತಳು. ಅವು ಬರೀ ಕೋಳಿಗಳಾಗಿರಲಿಲ್ಲ. ತುಂಬು ಬಸುರಿ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ನಾಟಿ ಮೊಟ್ಟೆ ಬೇಕು, ಮೈ ಗಟ್ಟಿಯಾಗಲು ನಾಟಿ ಕೋಳಿ ಸಾರು ಬೇಕು ಎಂದು ಮಳೆಗಾಲದಿಂದಲೂ ಮಕ್ಕಳಂತೆ ಸಾಕಿದ್ದಳು. ಈಗ ಮಗಳಿಗೆ ಏನು ಕೊಡುವುದು?

ದುಃಖದ ಹಿಂದೆಯೇ ಅನುಮಾನ ಬಂತು. ಮೊದಲನೆಯ ಅನುಮಾನ ಪಕ್ಕದ ಮನೆಯ ಗಂಗಾಂಬಿಕಾಳ ಮೇಲೆ. ಮೊನ್ನೆಯಷ್ಟೇ ಅವಳು ಬೇಲಿಯ ಆಚೆ ನಿಂತು, "ಎಷ್ಟ್ ಚಂದ ಬೆಳದಾವ ದ್ಯಾಮವ್ವಾ ನಿನ್ನ ಕೋಳಿ" ಅಂದಿದ್ದಳು. ಕಣ್ಣು ಬಿದ್ದಿರಬೇಕು! ದ್ಯಾಮವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದೂ ಗಂಗಾಂಬಿಕಾಳ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಬೈಯುತ್ತ ಹಾಕಿದಳು.

ಎರಡನೆಯ ಅನುಮಾನ ಶಿಲ್ಪಾಳ ಮೇಲೆ. ಶಿಲ್ಪಾ ಊರಿನ ಪಶು ಸಖಿ. ದನ, ಕುರಿ, ಕೋಳಿಗಳ ಆರೋಗ್ಯ ನೋಡಿಕೊಳ್ಳಲು ತರಬೇತಿ ಪಡೆದ ಹೆಣ್ಣುಮಗಳು. ಹೋದ ತಿಂಗಳು ಕೋಳಿಗಳಿಗೆ ಲಸಿಕೆ ಹಾಕುತ್ತೇನೆ ಎಂದು ಬಂದಾಗ ದ್ಯಾಮವ್ವ, "ಚಂದಿದ್ದ ಕೋಳಿಗೆ ಸೂಜಿ ಯಾಕ?" ಎಂದು ಬಾಗಿಲಿನಿಂದಲೇ ಕಳಿಸಿದ್ದಳು. ಆ ಸಿಟ್ಟಿಗೆ ಏನಾದರೂ ಮಾಡಿದಳೋ ಏನೋ!

ಮೂರನೆಯ ಅನುಮಾನವನ್ನು ಬೇರೊಬ್ಬರು ತಂದು ಕೈಗಿಟ್ಟರು. ಅವರು ಅಂದಾನಪ್ಪ. ಕೆರೆಯ ಕೆಳಗಿನ ಗದ್ದೆಯ ಯಜಮಾನರು, ಶಿಲ್ಪಾಳ ಮಾವ. ಅವರ ಮನೆಯಲ್ಲಿ ಕೋಳಿ ಸಾಕುವುದಿರಲಿ, ಮೊಟ್ಟೆಯ ಹೆಸರು ಎತ್ತುವಂತಿಲ್ಲ. ಕೋಳಿ ಮುಟ್ಟಿ ಬಂದ ಸೊಸೆ ಕೈಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಅಂಥವರು ಅವತ್ತು ತಾವಾಗಿಯೇ ಬಂದು ಸತ್ತ ಕೋಳಿಗಳನ್ನು ನೋಡಿದರು. ಆಗಲೇ ಯಾರಿಗಾದರೂ ಅನುಮಾನ ಬರಬೇಕಿತ್ತು.

"ದ್ಯಾಮವ್ವಾ, ಇದು ಕೊಕ್ಕರಿ ರೋಗ," ಅಂದರು ಅಂದಾನಪ್ಪ. "ನಮ್ಮಪ್ಪನ ಕಾಲದಿಂದ ಹಂಗ ಅಂತಾರ. ಸುಮ್ಮಸುಮ್ಮನ ಹೆಸರು ಬರತೈತೇನು? ಕೆರಿ ಕಡೆ ನೋಡು, ಹೆಂಗ ಸಾಲಾಗಿ ನಿಂತಾವು!"

ದ್ಯಾಮವ್ವ ನೋಡಿದಳು. ನೀರಿನ ಅಂಚಿನಲ್ಲಿ ಕೊಕ್ಕರೆಗಳು ಒಂಟಿ ಕಾಲಲ್ಲಿ ನಿಂತಿದ್ದವು. ನಡುನೀರಿನಲ್ಲಿ ಬಾತುಗಳ ಹಿಂಡು.

"ದೀಪಾವಳಿ ಸುಮಾರಿಗೆ ಬರತಾವು, ಶಿವರಾತ್ರಿ ಆದಮ್ಯಾಲೆ ಮಾಯ ಆಕ್ಕಾವು. ಯಾವ ದೇಶದವೋ, ಏನೋ! ಯಾರು ಕರದಿದ್ರು ಇವನ್ನ? ರೋಗ ತಂದು ಇಲ್ಲಿ ಬಿಟ್ಟು ಹೋಗೂದ ಇವುಗಳ ಕೆಲಸ. ಇಲ್ಲಿ ಕೇಳು, ಮೊಬೈಲ್‍ನಾಗೂ ಬಂದೈತಿ."

ಮೊಬೈಲ್‍ನಲ್ಲಿ ಯಾರೋ ಗಂಡಸು ಗಾಬರಿ ದನಿಯಲ್ಲಿ ವಿದೇಶಿ ಹಕ್ಕಿಗಳ ಬಗ್ಗೆ ಏನೇನೋ ಹೇಳುತ್ತಿದ್ದ. ಆ ಗಂಡಸು ಯಾರು, ಯಾವ ಊರಿನವನು ಎಂದು ಒಬ್ಬರೂ ಕೇಳಲಿಲ್ಲ. ನಾವು ಅನುಮಾನಪಡುವುದೂ ನಮಗೆ ಬೇಡವಾದವರ ಮೇಲೆ ಮಾತ್ರ.

"ಒಂದೀಟು ಭತ್ತಕ್ಕ ಗದ್ದಿಗೆ ಹೊಡಿಯೂ ಔಷಧ ಹಚ್ಚಿಕೊಡತೇನಿ," ಅಂದರು ಅಂದಾನಪ್ಪ. "ಬೀರ ಹೋಗಿ ಕೆರಿ ದಂಡಿಗೆ ಚೆಲ್ಲಿ ಬರಲಿ. ಪೀಡಾ ತೊಲಗತೈತಿ."

ದ್ಯಾಮವ್ವನ ಗಂಡ ಬೀರ ಯಾವ ಮಾತಿಗೂ ಒಂದು ಕೊಂಕು ತೆಗೆಯದೆ ಬಿಡುವವನಲ್ಲ. ಅವತ್ತು ಮಾತ್ರ, "ಆತು ಬಿಡ್ರಿ. ಕೊಕ್ಕರೀದ ಕೆಲಸ ಇದು" ಎಂದು ಥಟ್ಟನೆ ಒಪ್ಪಿಕೊಂಡ.

ಸೂರ್ಯ ನೆತ್ತಿಗೆ ಬರುವ ಮೊದಲು ಶಿಲ್ಪಾ ಬಂದಳು. ಕಣ್ಣು ಹಾಕಿದವಳು ಎಂಬ ಬೈಗುಳ ತಿಂದು ಅಳುತ್ತ ಹೋಗಿದ್ದ ಗಂಗಾಂಬಿಕಾಳೇ ಅವಳಿಗೆ ಸುದ್ದಿ ಮುಟ್ಟಿಸಿದ್ದಳು. ಶಿಲ್ಪಾ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಗ್ಲೌಸ್ ಹಾಕಿಕೊಂಡು ಅಂಗಳದ ಅಂಚಿನಲ್ಲೇ ನಿಂತಳು.

"ಈಗ್ಯಾಕ ಬಂದಿ? ಸತ್ತಾವೋ ಇಲ್ಲೋ ನೋಡಾಕೇನು?" ದ್ಯಾಮವ್ವ ಹುಬ್ಬು ಗಂಟಿಕ್ಕಿ ಕೇಳಿದಳು.

"ಬೈಯ್ರಿ ಯವ್ವಾ, ಬೈಸ್ಕೊಂತೇನಿ. ಆದ್ರ ಆ ಸತ್ತ ಕೋಳಿ ಬರಿಗೈಲೆ ಮುಟ್ಟಬ್ಯಾಡ್ರಿ. ಉಳದವನ್ನ ಹೊರಗ ಬಿಡಬ್ಯಾಡ್ರಿ. ಡಾಕ್ಟರಿಗೆ ಫೋನ್ ಮಾಡೇನಿ, ಮಧ್ಯಾಹ್ನ ಬರತಾರ."

"ಡಾಕ್ಟರ್ ಬಂದು ಏನ್ ಮಾಡತಾರ? ರೋಗ ಗೊತ್ತಾಗೇತಿ. ಕೊಕ್ಕರಿ ರೋಗ. ಕೊಕ್ಕರಿನ ತಂದಾವು."

ಶಿಲ್ಪಾ ನಗಲಿಲ್ಲ. "ಹೆಸರು ಖರೇ ಇರಬಹುದು. ಕತ್ತು ತಿರಿವ್ಯಾವು, ಹಸಿರು ಹಿಕ್ಕಿ ಹಾಕ್ಯಾವು. ನೋಡಿದ್ರ ಅದ ಅನಸತೈತಿ. ಅದನ್ನ ರಾಣಿಖೇತ್ ರೋಗ ಅಂತಲೂ ಅಂತಾರ. ಆದ್ರ ಯವ್ವಾ, ಹೆಸರಿನ್ಯಾಗ ಕೊಕ್ಕರಿ ಇದ್ದ ಮಾತ್ರಕ್ಕ ಕೊಕ್ಕರಿ ತಂದಂಗಾತೇನು? ಹಿರ್ಯಾರು ಹಂಗ ಯಾಕ ಕರದ್ರೋ ನನಗೂ ಗೊತ್ತಿಲ್ಲ. ಇದು ಕೋಳಿಯಿಂದ ಕೋಳಿಗೆ ಬರೂ ರೋಗ."

"ಹಂಗಾರ ಹಕ್ಕಿಯಿಂದ ರೋಗ ಬರೂದ ಇಲ್ಲ ಅಂತೀಯೇನು?"

"ಸುಳ್ಳು ಹೇಳಂಗಿಲ್ಲ. ಹಕ್ಕಿಜ್ವರ ಅಂತ ಬ್ಯಾರೆ ಒಂದ್ ರೋಗ ಐತಿ. ಅದು ಕಾಡಬಾತಿನ ಮೈಯಾಗೂ ಇರಬಹುದು. ಅದಕ್ಕ ಡಾಕ್ಟರ್ ಬಂದು ಪರೀಕ್ಷೆಗೆ ಕಳಸಲಿ ಅಂದದ್ದು. ಅನುಮಾನ ಬರೂದು ತಪ್ಪಲ್ಲ. ಅನುಮಾನ ಬಂದ ಕೂಡ್ಲೇ ಶಿಕ್ಷೆ ಕೊಡೂದು ತಪ್ಪು."

ದ್ಯಾಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಆದರೂ ಸುಮ್ಮನಿರುವ ಹೆಂಗಸಲ್ಲ ಅವಳು.

"ಹೋಗ್ಲಿ, ಇದೊಂದು ಹೇಳು. ಆ ಹಕ್ಕಿಗಳಿಗೆ ತಮ್ಮ ಊರಿಲ್ಲೇನು? ನಮ್ಮ ಕೆರಿಗೆ ಯಾಕ ಬಂದು ಬೀಳತಾವು?"

"ಐತಿ. ಉದ್ದ ಚೂಪ ಬಾಲದ ಬಾತು ಇದಾವಲ್ಲ, ಅವುಗಳ ಊರು ಹಿಮಾಲಯದಾಚೆ, ಬಾಳ ಉತ್ತರಕ್ಕ. ಚಳಿಗಾಲದಾಗ ಅಲ್ಲಿ ಕೆರಿ ನೀರು ಕಲ್ಲಿನಂಗ ಹೆಪ್ಪುಗಟ್ಟತೈತಿ. ಬೀಜ, ಹುಳ, ನೀರಾಗಿನ ಹುಲ್ಲು ಎಲ್ಲಾ ಅದರ ಕೆಳಗ ಸಿಕ್ಕೊಂತಾವು. ಅವು ಬರೀ ಚಳಿಗೆ ಹೆದರಿ ಬರೂದಲ್ಲ, ಪುಕ್ಕ ಬೆಚ್ಚಗ ಇಡತಾವು. ಹೊಟ್ಟಿಗೆ ಇಲ್ಲದ್ದಕ್ಕ ಬರತಾವು."

"ಮತ್ತ ಇಲ್ಲೇ ಇರಬೇಕಿಲ್ಲ? ಕಳ್ಳರಂಗ ಹೇಳದ ಕೇಳದ ಯಾಕ ಬಿಟ್ಟು ಹೊಕ್ಕಾವು?"

"ಬ್ಯಾಸಗಿಗೆ ನಮ್ಮ ಕೆರಿ ಬತ್ತತೈತಿ. ಅಲ್ಲಿ ಆಗ ಮಂಜು ಕರಗಿರತೈತಿ, ಹಗಲು ಉದ್ದ ಆಗಿರತೈತಿ, ಹುಳ ಹುಪ್ಪಡಿ ಬೇಕಾದಷ್ಟು. ತತ್ತಿ ಇಟ್ಟು ಮರಿ ಮಾಡಾಕ ಹೊಕ್ಕಾವು. ನಿಮ್ಮ ಮಗಳು ಹಡಿಯಾಕ ಇಲ್ಲಿಗೆ ಬರಾಕ್ಹತ್ತಾಳಲ್ಲ, ಹಂಗ."

ಮಗಳ ಮಾತು ಬಂದದ್ದೇ ದ್ಯಾಮವ್ವನ ದನಿ ಸ್ವಲ್ಪ ಇಳಿಯಿತು. "ಅಷ್ಟು ದೂರದ ದಾರಿ ಅವಕ್ಕ ಯಾರು ತೋರಸತಾರ?"

"ಹಗಲು ಸಣ್ಣದಾಗತಿದ್ದಂಗ ಅವುಗಳ ಮೈಗೆ ಗೊತ್ತಾಕ್ಕೈತಿ, ಹೊರಡೂ ಹೊತ್ತು ಬಂತು ಅಂತ. ಹೊಟ್ಟಿ ತುಂಬ ತಿಂದು ಕೊಬ್ಬು ಕೂಡಿಸಿಕೊಂತಾವು. ಅದ ದಾರಿ ಬುತ್ತಿ. ಹಗಲು ಸೂರ್ಯನ್ನ ನೋಡಿ, ರಾತ್ರಿ ಚುಕ್ಕಿ ನೋಡಿ ದಿಕ್ಕು ಹಿಡಿತಾವು. ಹೊಳಿ, ಗುಡ್ಡ ಗುರುತು ಇಟ್ಟಿರತಾವು. ಭೂಮಿಗೆ ಅಯಸ್ಕಾಂತದ ಸೆಳೆತ ಐತಿ, ಅದೂ ಅವಕ್ಕ ತಿಳೀತೈತಿ ಅಂತಾರ. ಹೆಂಗ ತಿಳೀತೈತಿ ಅಂತ ವಿಜ್ಞಾನಿಗಳಿಗೂ ಪೂರಾ ಗೊತ್ತಾಗಿಲ್ಲ."

"ಅವರಿಗೇ ಗೊತ್ತಿಲ್ಲಂದ್ರ ನಿನಗ್ಹೆಂಗ ಗೊತ್ತು?"

"ಗೊತ್ತಿಲ್ಲ ಅನ್ನೂದಷ್ಟ ಗೊತ್ತು." ಈಗ ಶಿಲ್ಪಾ ಸ್ವಲ್ಪ ನಕ್ಕಳು. "ಇನ್ನ ಕೊಕ್ಕರಿ ಅಂತೀರಿ, ಅವು ಅಷ್ಟು ದೂರದವೂ ಅಲ್ಲ. ನಮ್ಮ ನಾಡಿನವು. ಎಲ್ಲಿ ನೀರೈತಿ, ಎಲ್ಲಿ ಕಪ್ಪಿ, ಮೀನ, ಬಸವನಹುಳ ಅದಾವು, ಅಲ್ಲಿಗೆ ಹೊಕ್ಕಾವು. ಒಂದ್ ಕೆರಿ ಬತ್ತಿದ್ರ ಇನ್ನೊಂದು ಕೆರಿ. ನಿಮ್ಮ ತವರಿನವರು ವರ್ಷಾ ಕುರಿ ಹೊಡಕೊಂಡು ಈ ಕಡೆ ಬರತಿದ್ರಲ್ಲ, ಯಾಕ?"

"ಬ್ಯಾಸಗ್ಯಾಗ ನಮ್ಮ ಕಡೆ ಮೇವು ಎಲ್ಲಿರತಿತ್ತು? ಇಲ್ಲಿ ಗದ್ದಿ ಕೊಯ್ದಿರತಿದ್ರು. ಕುರಿ ನಿಲ್ಲಸತಿದ್ವಿ. ಗದ್ದಿಗೆ ಗೊಬ್ಬರ, ನಮಗ ಕಾಳು."

"ಆಗ ಊರ ಮಂದಿ ನಿಮ್ಮನ್ನ ಹೆಂಗ ನೋಡಕೊಂಡ್ರು?"

ದ್ಯಾಮವ್ವ ನೆಲ ನೋಡುತ್ತ ಮೆಲ್ಲಗೆ ಹೇಳಿದಳು.

"ಒಂದ್ ವರ್ಷ ಯಾರದೋ ತಾಮ್ರದ ಕೊಡ ಹೋಗಿತ್ತು. ಬಂದು ನಮ್ಮವ್ವನ ಗಂಟು ಬಿಚ್ಚಿ ನೋಡಿದ್ರು. ನಾವು ಹೊದ್ದಿದ್ದ ಕಂಬಳಿ ಝಾಡಿಸಿದ್ರು. ಏನೂ ಸಿಗಲಿಲ್ಲ. ಆದ್ರೂ ನಾವು ಊರು ಬಿಡೂಮಟ ಕಳ್ಳರನ್ನ ನೋಡಿದಂಗ ನೋಡಿದ್ರು. ನಮ್ಮವ್ವ ಅವತ್ತು ಉಣ್ಣಲಿಲ್ಲ."

ಹಾಗೆ ಹೇಳಿ ಅವಳು ಕೆರೆಯ ಕಡೆ ನೋಡಿದಳು. ಈ ಸಲ ನೋಡಿದ ರೀತಿ ಬೇರೆಯಾಗಿತ್ತು. ಶಿಲ್ಪಾ ಮತ್ತೆ ಅದನ್ನು ಕೆದಕಲಿಲ್ಲ, ಬೇರೆಯದೇ ಒಂದು ಪ್ರಶ್ನೆ ಕೇಳಿದಳು.

"ನಿಮ್ಮ ಭಾವನ ಮನಿ ಕೋಳಿನೂ ಇದ ಕೆರಿ ದಂಡ್ಯಾಗ ಮೇಯತಾವು. ಅವಕ್ಕ ನಾ ಲಸಿಕಿ ಹಾಕಿದ್ದೆ. ಒಂದೂ ಸತ್ತಿಲ್ಲ. ಲಸಿಕಿ ಹಾಕಸದ ಬ್ಯಾರೆಯವರ ಕೋಳಿನೂ ಅಲ್ಲೇ ಮೇಯತಾವು, ಅವೂ ಸತ್ತಿಲ್ಲ. ಹಂಗಾರ ನಿಮ್ಮ ಗೂಡಿಗೆ ಅಷ್ಟ ರೋಗ ಹೆಂಗ ಬಂತು? ಹೊಸಾ ಕೋಳಿ ಏನರ ತಂದಿದ್ರೇನು?"

"ಇಲ್ಲ. ನಾ ಯಾವ ಕೋಳಿನೂ ತಂದಿಲ್ಲ."

"ಬೀರಣ್ಣ?"

ಬೀರ ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚುತ್ತಿದ್ದ. ಕಡ್ಡಿ ಗೀರಿದ, ಹೊತ್ತಿತು, ಬೀಡಿಗೆ ತಾಗಿಸುವುದನ್ನೇ ಮರೆತ. ಬೆರಳು ಸುಟ್ಟಾಗ ಕಡ್ಡಿ ಬಿಸಾಡಿದ. ಗಂಡನ ಜೊತೆ ಇಷ್ಟು ವರ್ಷ ಬಾಳಿದ ಹೆಂಗಸಿಗೆ ಅಷ್ಟು ಸಾಕಾಯಿತು.

"ಏನ್ ತಂದಿ? ಬಾಯಿ ಬಿಡು!"

"ಒಂದ್ ಹುಂಜ ಲೇ," ಅಂದ ಬೀರ ತಲೆ ಕೆರೆದುಕೊಳ್ಳುತ್ತ. "ಹೋದ ವಾರದ ಸಂತ್ಯಾಗ ಕಡಿಮಿಗೆ ಕೊಟ್ರು. ಒಂದೀಟು ತೂಕಡಸತಿತ್ತು. ಬಿಸಿಲಿಗೆ ಇರಬೇಕು ಅಂದಕೊಂಡೆ. ಮಗಳಿಗೆ ಆಕ್ಕೈತಿ ಅಂತ ಸ್ಕೂಟಿಗೆ ಜೋತುಹಾಕಿ ತಂದೆ. ನೀ ಬೈತಿ ಅಂತ ಕತ್ತಲಾದ ಮ್ಯಾಲೆ ಗೂಡಿಗೆ ಬಿಟ್ಟೆ. ಅದು ಬೆಳಗಾಗೂತನಕ ಉಳೀಲಿಲ್ಲ. ನೀ ಏಳೂಕಿಂತ ಮೊದಲ ಕೆರಿ ಹಿಂದಿನ ಪೊದ್ಯಾಗ ಒಗದು ಬಂದೆ."

ದ್ಯಾಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಆಮೇಲೆ ಹೊರಟಿತು ನೋಡಿ ಬೈಗುಳ! ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕಡೆಗೆ ಅವಳು, "ರೆಕ್ಕಿ ಇದ್ದದ್ದಕ್ಕ ಹಕ್ಕಿ ಮ್ಯಾಲೆ ಅನುಮಾನ. ರೋಗ ಬಂದದ್ದು ನಿನ್ನ ಸ್ಕೂಟಿ ಮ್ಯಾಲೆ!" ಅಂದಳು.

"ಅದಕ್ಕ ಕೊಕ್ಕರೀದ ಕೆಲಸ ಅಂತ ಒಪ್ಪಿದ್ದೇನು ಬೀರಣ್ಣ?" ಶಿಲ್ಪಾ ಕೇಳಿದಳು.

"ಅಂದಾನಪ್ಪಾರು ತಾವ ಹೇಳಿದ್ರು. ನಾ ಹೂಂ ಅಂದೆ ಅಷ್ಟ," ಅಂದ ಬೀರ. ದನಿ ಇನ್ನೂ ಸಣ್ಣದಾಯಿತು. "ಆಗಲೇ ಭತ್ತಾನೂ ಚೆಲ್ಲಿ ಬಂದೆ."

"ಎಂಥಾ ಭತ್ತ?"

ಬೀರ ಹೇಳಿದ. ಶಿಲ್ಪಾಳ ಮುಖ ಬಿಳಿಚಿಕೊಂಡಿತು. ತನ್ನ ಮನೆಯ ಔಷಧ, ತನ್ನ ಮಾವನ ಕೈ.

"ದೇವ್ರೇ! ಕೊಕ್ಕರಿ ಭತ್ತ ತಿಂತಾವೇನು? ತಿನ್ನೂದು ಬಾತು, ಬೆಳವ, ಗುಬ್ಬಿ! ಊರ ಕೋಳಿ ತಿಂತಾವು. ಈ ಹೊತ್ತಿಗೆ ದನ ನೀರಿಗೆ ಅಲ್ಲೇ ಇಳೀತಾವು!"

ಮೂವರೂ ಓಡಿದರು. ಹಿಂದೆ ಗಂಗಾಂಬಿಕಾಳೂ ಪೊರಕೆ ಹಿಡಿದು ಬಂದಳು. ದ್ಯಾಮವ್ವ ಅವಳ ಮುಖ ನೋಡಲಾರದೆ, "ತಪ್ಪಾತು ಬೇ" ಅಂದಳು. ಗಂಗಾಂಬಿಕಾ, "ಅದನ್ನ ಆಮ್ಯಾಲೆ ನೋಡೂಣು, ಮೊದಲ ಗುಡಸು" ಅಂದಳು. ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು, ದಂಡೆಯ ಮೇಲಿನ ಭತ್ತವನ್ನು ಮಣ್ಣಿನ ಸಮೇತ ಬಳಿದು ಚೀಲಕ್ಕೆ ತುಂಬಿದರು. ಬೀರ ಏರಿಯ ಮೇಲೆ ನಿಂತು ಬರುವ ದನಗಳನ್ನೆಲ್ಲ ಹಿಂದಕ್ಕೆ ಹೊಡೆದ.

ಆದರೂ ತಡವಾಗಿತ್ತು. ಜೊಂಡಿನ ಹತ್ತಿರ ಕೆಲವು ಬಾತುಗಳು ಮಗ್ಗುಲಾಗಿ ತೇಲುತ್ತಿದ್ದವು. ಒಂದು ಮಾತ್ರ ದಂಡೆಯ ಮೇಲೆ ರೆಕ್ಕೆ ಬಡಿಯುತ್ತ, ಏಳಲು ನೋಡುತ್ತಿತ್ತು. ಆಚೆ ಕೊಕ್ಕರೆಗಳು ಏನೂ ಆಗಿಲ್ಲವೆಂಬಂತೆ ಬಸವನಹುಳ ಹೆಕ್ಕಿ ತಿನ್ನುತ್ತಿದ್ದವು. ಭತ್ತದ ಕಡೆ ಅವು ತಿರುಗಿಯೂ ನೋಡಿರಲಿಲ್ಲ.

ಗಲಾಟೆ ಕೇಳಿ ಅಂದಾನಪ್ಪ ಗದ್ದೆಯಿಂದ ಮೇಲೆ ಬಂದರು. ದ್ಯಾಮವ್ವ ಅವರಿಗೆ ಅಡ್ಡ ನಿಂತಳು.

"ಯಜಮಾನ್ರ, ನೀವು ಒಕ್ಕಲುತನ ಮಾಡೂ ಮಂದಿ. ಕೊಕ್ಕರಿ ಭತ್ತ ತಿನ್ನಂಗಿಲ್ಲ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

ಅಂದಾನಪ್ಪ ಸೊಸೆಯ ಮುಖ ನೋಡಿದರು. ಅವಳು ಬೇರೆ ಕಡೆ ತಿರುಗಿದಳು. "ಬಾತು ರಾತ್ರಿ ಇಳದು ನನ್ನ ಸಸಿಮಡಿ ತುಳದು ಹಾಳು ಮಾಡತಾವು," ಅಂದರು ಕಡೆಗೆ.

"ಹಂಗಂತ ಹೇಳಬೇಕಿತ್ತು. ನಾವ ಬಂದು ರಾತ್ರಿ ಕಾಯತಿದ್ವಿ. ನನ್ನ ಸತ್ತ ಕೋಳಿ ಹೆಸರು ಹೇಳಿ ಇವನ್ನ ಯಾಕ ಕೊಂದ್ರಿ?"

"ಮಡಿ ಮ್ಯಾಲೆ ಮೀನಿನ ಬಲಿ ಹರವಬಹುದಿತ್ತು ಮಾವಾರ," ಅಂದಳು ಶಿಲ್ಪಾ. "ಹೊಳೆಯೂ ಪಟ್ಟಿ ಕಟ್ಟಿದ್ರೂ ಹೆದರತಾವು. ಔಷಧ ಇಟ್ಟು ಕೊಲ್ಲೂದು ಕಾನೂನಿನ್ಯಾಗ ಅಪರಾಧ. ನಾಳೆ ಯಾರರ ಕೇಳಿದ್ರ ನಾ ಸುಳ್ಳು ಹೇಳಂಗಿಲ್ಲ."

ಅಂದಾನಪ್ಪ ಟವೆಲ್ಲು ಸೊಂಟಕ್ಕೆ ಬಿಗಿದು, ಗುದ್ದಲಿ ತಂದು, ನೀರಿಗೆ ದೂರವಾದ ಎತ್ತರದ ಜಾಗದಲ್ಲಿ ಆಳವಾಗಿ ಗುಂಡಿ ತೋಡಲು ನಿಂತರು.

ದಂಡೆಯ ಮೇಲಿನ ಬಾತು ಅಷ್ಟು ಹೊತ್ತಿಗೆ ಸುಮ್ಮನಾಗಿತ್ತು. ದ್ಯಾಮವ್ವ ಅದನ್ನು ಎತ್ತಿಕೊಳ್ಳಲು ಬಗ್ಗಿದಳು. ಶಿಲ್ಪಾ ಅವಳ ಕೈ ಹಿಡಿದಳು. "ಮುಟ್ಟಬ್ಯಾಡ್ರಿ. ಡಾಕ್ಟರ್ ನೋಡಿದ ಮ್ಯಾಲೆ ಹುಗಿಯೂಣು."

"ಎಷ್ಟು ಗುಡ್ಡ ದಾಟಿ ಬಂದಿತ್ತಲ್ಲ ಬೇ," ಅಂದಳು ದ್ಯಾಮವ್ವ. "ಮರಿ ಮಾಡಾಕ ತವರಿಗೆ ಹೋಗೂದಿತ್ತು ಇದು. ನಾವು ಕಳಸಲಿಲ್ಲ." ಬೆಳಗ್ಗೆ ಕೋಳಿಗಳಿಗಾಗಿ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಡಾಕ್ಟರು ಬಂದರು. ಸತ್ತ ಕೋಳಿ, ಸತ್ತ ಬಾತು ಎರಡನ್ನೂ ಪರೀಕ್ಷೆಗೆ ಕಳಿಸಿದರು. ಉಳಿದವನ್ನು ಸುಣ್ಣ ಹಾಕಿ ಹೂಳಿಸಿದರು. ಕೆಲವು ದಿನಗಳಲ್ಲಿ ವರದಿ ಬಂತು. ಕೋಳಿಗಳಿಗೆ ಬಂದದ್ದು ರಾಣಿಖೇತ್. ಹಕ್ಕಿಜ್ವರ ಯಾವುದರಲ್ಲೂ ಇರಲಿಲ್ಲ. ಬಾತುಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಔಷಧ ಮಾತ್ರ.

ದ್ಯಾಮವ್ವನ ಮಗಳು ತವರಿಗೆ ಬಂದಳು. ಬಾಣಂತಿಗೆ ಮೊಟ್ಟೆ ಬಂದದ್ದು ಲಸಿಕೆ ಹಾಕಿಸಿದ್ದ ಭಾವನ ಮನೆಯ ಕೋಳಿಗಳಿಂದ. ಬೀರ ಗೂಡನ್ನು ಬ್ಲೀಚಿಂಗ್ ಪುಡಿಯಿಂದ ತೊಳೆದು ಖಾಲಿ ಬಿಟ್ಟ. ಡಾಕ್ಟರು ಹೇಳಿದಷ್ಟು ಕಾಲ ಕಾದು, ಮತ್ತೆ ಮರಿ ತಂದಾಗ ದ್ಯಾಮವ್ವ ತಾನೇ ಶಿಲ್ಪಾಳನ್ನು ಕರೆದಳು. ಶಿಲ್ಪಾ ಮರಿಗಳ ಕಣ್ಣಿಗೆ ಲಸಿಕೆಯ ಹನಿ ಬಿಡುವಾಗ ದ್ಯಾಮವ್ವ ಸುಮ್ಮನೆ ಹಿಡಿದುಕೊಂಡಿದ್ದಳೇನು? ಇಲ್ಲ! "ಇದು ಖರೇ ಲಸಿಕಿ ಹೌದೋ ಅಲ್ಲೋ? ತಾರೀಖು ತೋರಸು," ಎಂದು ಸೀಸೆ ತಿರುಗಿಸಿ ನೋಡಿದಳು. ಅಂಥ ಅನುಮಾನ ಒಳ್ಳೆಯದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲೂ ಕೆರೆಯಿದ್ದೀತು, ಚಳಿಗಾಲಕ್ಕೆ ಹಕ್ಕಿ ಬಂದೀತು. ಕೋಳಿ ಸತ್ತರೆ ಅಥವಾ ಕೆರೆಯಲ್ಲಿ ಹಕ್ಕಿ ಸತ್ತು ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಪಶು ಸಖಿಗೆ ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಅಂದೇ ತಿಳಿಸಿ. ಸಂತೆಯ ಕೋಳಿಯನ್ನು ತಂದ ದಿನವೇ ಗೂಡಿಗೆ ಸೇರಿಸದೆ ಎರಡು ಮೂರು ವಾರ ಬೇರೆ ಇಡಿ. ಕೋಳಿ ಚೆನ್ನಾಗಿರುವಾಗಲೇ ಲಸಿಕೆ ಹಾಕಿಸಿ, ಕಾಯಿಲೆ ಬಿದ್ದ ಮೇಲೆ ಅದಕ್ಕೆ ಮದ್ದಿಲ್ಲ. ಸತ್ತ ಕೋಳಿಯನ್ನು ಪೊದೆಗೆ, ಹಳ್ಳಕ್ಕೆ ಎಸೆಯಬೇಡಿ. ಇಷ್ಟು ಮಾಡಿದ ಮೇಲೆ ನಿಮಗೆ ಯಾರ ಮೇಲೆ ಬೇಕೋ ಅವರ ಮೇಲೆ ಅನುಮಾನಪಡಿ, ಬೇಡ ಎನ್ನುವುದಿಲ್ಲ. ಆದರೆ ಕೈಯಲ್ಲಿ ವಿಷ ಹಿಡಿದು ಅನುಮಾನಪಡಬೇಡಿ. ಮನುಷ್ಯರ ಮೇಲೆ ತಪ್ಪು ಹೊರಿಸಿದರೆ ಆಮೇಲೆ ಹೋಗಿ ಕ್ಷಮೆ ಕೇಳಬಹುದು. ಕೊಂದ ಮೇಲೆ ಕ್ಷಮೆ ಕೇಳೋಣವೆಂದರೆ ಹಕ್ಕಿ ಇರುವುದಿಲ್ಲ.